ಖಾಲಿ ಜಾಗದತ್ತ ಒಂದು ನೋಟ

ಕೊಲೆಗಾರ ಹೊಸ ಹುಡುಗಿಗೆ ನಿಬ್ಬು ಹಿಡಿಯುವುದನ್ನು ಹೇಳಿಕೊಡುತ್ತಿದ್ದ.

“ಒತ್ತಬೇಡ. ಒತ್ತಿದ್ರೆ ಗೆರೆ ಮುನಿಸ್ಕೊಳ್ಳುತ್ತೆ. ಕೈ ಹಿಡಿದು ಜೊತೇಲಿ ನಡೆಸ್ಕೊಂಡು ಹೋಗು, ಅಷ್ಟೇ.”

ಹೊಸ ಹುಡುಗಿ ನಕ್ಕಳು. ಅವಳು ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದು ಎದುರು ಮೇಜಿನವಳಿಗೆ ಆಗಲೇ ಬಾಯಿಪಾಠವಾಗಿತ್ತು. ಬೆಳಗ್ಗಿನಿಂದ ಅದನ್ನೇ ನೋಡುತ್ತಾ ಕೂತಿದ್ದಳಲ್ಲ. ನೋಡುತ್ತಲೇ ತನ್ನ ನಿಬ್ಬನ್ನು ಒತ್ತಿದಳು. ಅದು ಕಿರ್ರೆಂದಿತು. ಇನ್‌ಸ್ಪೆಕ್ಟರನ ಮೀಸೆಯ ಒಂದು ಕೂದಲು ಹಾಳೆಯ ಮೇಲೆ ಹಗ್ಗದಷ್ಟು ದಪ್ಪವಾಯಿತು.

“ಸಾಹೇಬ್ರೇ, ಯಾರ ಮೇಲೆ ಸಿಟ್ಟು?” ಎಂದ ಕೊಲೆಗಾರ, ಕತ್ತೆತ್ತದೆಯೇ.

“ಯಾರ ಮೇಲೂ ಇಲ್ಲ. ನಿಬ್ಬು ಹಳೇದಾಗಿದೆ.”

“ಹಳೇದಾದಷ್ಟೂ ಹೇಳಿದ ಮಾತು ಕೇಳ್ಬೇಕಲ್ವಾ?”

“ಹೊಸದು ಬಂದ್ಮೇಲೆ ಹಳೇದನ್ನ ಕೇಳೋರು ಯಾರಿದ್ದಾರೆ?”

ಆಗ ಅವನು ಕತ್ತೆತ್ತಿದ. ಒಂದು ಹುಬ್ಬು ಮೇಲೆ ಹೋಯಿತು, ಇನ್ನೊಂದು ಇದ್ದಲ್ಲೇ ಇತ್ತು. ಆ ಹುಬ್ಬಿನ ಕಡೆ ನೋಡಿದರೆ ತನ್ನ ಕಥೆ ಮುಗಿಯಿತು ಎಂದು ಗೊತ್ತಿದ್ದ ಅವಳು ತಪ್ಪು ಗೆರೆ ಮುಚ್ಚುವ ಬಿಳಿ ಶಾಯಿಯ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು. ಗೆರೆ ಮುನಿಸಿಕೊಳ್ಳುತ್ತದೆ ಎಂಬ ಮಾತನ್ನು ಅವನು ಮೂರು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಅವಳಿಗೆ ಹೇಳಿದ್ದ. ಅದು ತನಗೊಬ್ಬಳಿಗೇ ಮೀಸಲಾದ ಮಾತು ಎಂದು ಅವಳು ಇಷ್ಟು ದಿನ ನಂಬಿದ್ದಳು.

ಅವನು ನಿಜವಾದ ಕೊಲೆಗಾರನೇನಲ್ಲ. ಡ್ರೈ ಕ್ಲೀನಿಂಗ್ ಅಂಗಡಿಯ ಮೇಲಿನ ಈ ಎರಡು ಕೋಣೆಗಳಿಂದ ತಿಂಗಳಿಗೊಮ್ಮೆ ಒಂದು ಮಾಂಗಾ, ಅಂದರೆ ಜಪಾನೀ ಶೈಲಿಯ ಚಿತ್ರಕಥೆ, ಹೊರಬರುತ್ತದೆ. ಓದಿದವರು ರಾತ್ರಿ ದೀಪ ಆರಿಸಲು ಹಿಂದೆಮುಂದೆ ನೋಡುವಂಥ ಸೈಕಲಾಜಿಕಲ್ ಥ್ರಿಲ್ಲರ್. ಅದರಲ್ಲಿ ಕೊಲೆಮಾಡುವವಳು ಒಬ್ಬ ಔಷಧಿ ಅಂಗಡಿಯವಳು. ಹೆಂಡತಿಯನ್ನು ಸಾಯಿಸಿಯೂ ಸಾಕ್ಷಿಯಿಲ್ಲದೆ ಬಿಡುಗಡೆಯಾದವರು, ಮಕ್ಕಳ ಮೇಲೆ ಕೈಮಾಡಿ ನಗುತ್ತಾ ಓಡಾಡುವವರು ಅವಳ ಅಂಗಡಿಗೆ ಬಂದರೆ ಮಾತ್ರೆ ಬದಲಾಗುತ್ತದೆ. ಅವಳ ಬೆನ್ನು ಹತ್ತಿರುವ ಇನ್‌ಸ್ಪೆಕ್ಟರ್ ಊರಿಗೇ ಪ್ರಾಮಾಣಿಕ. ಆದರೆ ಅವನು ಹುಡುಗನಾಗಿದ್ದಾಗ, ಅಮ್ಮನನ್ನು ದಿನಾ ಹೊಡೆಯುತ್ತಿದ್ದ ಅಪ್ಪ ಒಂದು ದಿನ ಎದೆ ಹಿಡಿದುಕೊಂಡು ಮಾತ್ರೆ ಕೇಳಿದ್ದ. ಮಾತ್ರೆ ಹುಡುಗನ ಜೇಬಿನಲ್ಲೇ ಇತ್ತು. ಅವನು ತೆಗೆಯಲಿಲ್ಲ, ಇವತ್ತಿನವರೆಗೂ ಯಾರಿಗೂ ಹೇಳಲಿಲ್ಲ. ಕೊಟ್ಟು ಕೊಂದವಳು ಪಾಪಿಯೋ, ಕೊಡದೆ ಕೊಂದವನು ಪಾಪಿಯೋ ಎಂದು ಓದುಗರು ಕಿತ್ತಾಡಿಕೊಳ್ಳುತ್ತಲೇ ಇದ್ದರು.

ಕಥೆ ಬರೆಯುವವರು ಮಾವ. ಮದುವೆಯೇ ಆಗದ ಆ ಮನುಷ್ಯ ಯಾರಿಗೆ ಮಾವ ಎಂದು ಕೇಳಿದವರಿಲ್ಲ. ಅವರದೊಂದು ಹಟ: ಇಬ್ಬರ ಚಿತ್ರವನ್ನೂ ಒಂದೇ ಕೈ ಬರೆಯಕೂಡದು.

“ಒಂದೇ ಕೈ ಬರೆದ್ರೆ ಇಬ್ರೂ ಅಕ್ಕತಮ್ಮನ ಥರ ಕಾಣ್ತಾರೆ. ನನಗೆ ಹೋಲಿಕೆ ಮುಖದಲ್ಲಿ ಬೇಡ, ಮಾಡಿದ ಕೆಲಸದಲ್ಲಿ ಬೇಕು,” ಎನ್ನುತ್ತಿದ್ದರು.

ಹಾಗಾಗಿ ಅಂಗಡಿಯವಳು ಅವನ ಪಾಲಿಗೆ ಬಂದಳು, ಇನ್‌ಸ್ಪೆಕ್ಟರ್ ಇವಳ ಪಾಲಿಗೆ. ಸ್ಟುಡಿಯೋದಲ್ಲಿ ಅವನು ಕೊಲೆಗಾರನಾದ, ಇವಳು ಸಾಹೇಬ್ರು. ಇಬ್ಬರೂ ಒಂದೇ ಚೌಕದಲ್ಲಿ ಬರಬೇಕಾದಾಗ ಒಬ್ಬರು ತಮ್ಮ ಪಾತ್ರವನ್ನು ಬರೆದು, ಇನ್ನೊಬ್ಬರಿಗೆ ಜಾಗ ಖಾಲಿ ಬಿಟ್ಟು, ಹಾಳೆಯನ್ನು ಅವರ ಟ್ರೇಗೆ ಹಾಕುತ್ತಿದ್ದರು. ಎಡಪುಟದಲ್ಲಿ ಮಾತ್ರೆ ಹಿಡಿದ ಅಂಗಡಿಯವಳ ಬೆರಳು, ಬಲಪುಟದಲ್ಲಿ ಜೇಬಿನೊಳಗಿನ ಇನ್‌ಸ್ಪೆಕ್ಟರನ ಬೆರಳು ಒಂದೇ ರೀತಿ ಮಡಚಿಕೊಂಡಿರಬೇಕಾದಾಗ ಮಾತ್ರ ಇಬ್ಬರೂ ಬೆಳಕಿನ ಮೇಜಿಗೆ ಬರುತ್ತಿದ್ದರು. ಕೆಳಗಿನಿಂದ ದೀಪ ಉರಿಯುವ ಆ ಗಾಜಿನ ಮೇಲೆ ಹಾಳೆಯ ಮೇಲೆ ಹಾಳೆ ಇಟ್ಟು ಬಗ್ಗಿದರೆ ತಲೆಗೆ ತಲೆ ತಾಗುವಷ್ಟು ಹತ್ತಿರ. ಒಮ್ಮೆ ತಾಗಿಯೂ ಇತ್ತು. ಇಬ್ಬರೂ ಸಾರಿ ಎಂದರು, ಇಬ್ಬರೂ ಸರಿಯಲಿಲ್ಲ.

ಹೇಳಬೇಕಾದದ್ದನ್ನು ಇಬ್ಬರೂ ಹೇಳಿರಲಿಲ್ಲ. ಎಲ್ಲಿಗೆ ಹೋಗುತ್ತಾನೆ, ಇಲ್ಲೇ ಇದ್ದಾನಲ್ಲ ಎಂದು ಅವಳು ನಿಶ್ಚಿಂತೆಯಿಂದಿದ್ದಳು. ಅಷ್ಟರಲ್ಲಿ ಮಾವ ಕಥೆಗೆ ಒಬ್ಬ ಡಾಕ್ಟರನ್ನು ತಂದರು. ಅಂಗಡಿಯವಳನ್ನು ಹಿಂದೊಮ್ಮೆ ಪ್ರೀತಿಸಿದ್ದವನು, ಈಗ ವಾಪಸ್ ಬಂದಿರುವವನು. ಅವನನ್ನು ಬರೆಯಲು ಮೂರನೇ ಕೈ ಬೇಕೆಂದು ಈ ಗುಳಿಕೆನ್ನೆಯ ಹುಡುಗಿ ಬಂದಳು. ಎಲ್ಲರೂ ಅವಳನ್ನು ಡಾಕ್ಟ್ರಮ್ಮ ಎನ್ನತೊಡಗಿದರು.

ಡಾಕ್ಟ್ರಮ್ಮ ಒಳ್ಳೆಯ ಹುಡುಗಿ. ಅದೇ ದೊಡ್ಡ ಕಷ್ಟವಾಗಿತ್ತು. ಕೆಟ್ಟವಳಾಗಿದ್ದರೆ ದ್ವೇಷ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು.

“ಅಕ್ಕಾ, ನಿಮ್ಮ ಇನ್‌ಸ್ಪೆಕ್ಟರ್ ಮೂಗು ಎಷ್ಟು ಚೆನ್ನಾಗಿದೆ,” ಎಂದಳು ಕಾಫಿ ತಂದಿಟ್ಟು.

ಮೂಗಿನ ಮೆಚ್ಚುಗೆ ಅವಳ ಕಿವಿಗೆ ಬೀಳಲೇ ಇಲ್ಲ. ಅಕ್ಕಾ ಎಂಬುದೊಂದೇ ಬಿತ್ತು, ಬಿದ್ದು ಅಲ್ಲೇ ಕೂತಿತು.

ಆ ಸಂಜೆ ಮನೆಯಲ್ಲಿ ಅವಳ ಸ್ವಂತ ಅಕ್ಕ ಬಟ್ಟೆ ಮಡಚುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ನೋಡುವ ಅಕ್ಕನಿಂದ ಏನನ್ನೂ ಮುಚ್ಚಿಡುವ ಹಾಗಿರಲಿಲ್ಲ.

“ಅವಳಿಗೆ ನಿಬ್ಬು ಹಿಡಿಯೋದು ಹೇಳ್ಕೊಟ್ಟ. ಹೇಳ್ಕೊಡ್ಲಿ ಬಿಡು, ನನಗೇನು,” ಎಂದಳು ತಂಗಿ.

“ನಿನಗೇನೂ ಇಲ್ಲ.”

“ಇಲ್ಲ ಅಂತಾನೇ ಹೇಳ್ತಿರೋದು.”

“ಇದನ್ನ ನಾಲ್ಕನೇ ಸಲ ಹೇಳ್ತಿದ್ದೀಯ. ಆ ಟವಲ್ ಕೊಡು ಇಲ್ಲಿ, ಹಿಂಡಿ ಹಿಂಡಿ ಅದರ ಪ್ರಾಣ ತೆಗೀತಿದ್ದೀಯ.” ಅಕ್ಕ ಟವಲ್ ಕಿತ್ತುಕೊಂಡಳು. “ಹೊಟ್ಟೆಕಿಚ್ಚು ಕಣೇ ಇದು. ಹೋಗಿ ಅವನಿಗೆ ಹೇಳ್ಬಾರ್ದಾ?”

“ಏನಂತ ಹೇಳ್ಲಿ?”

“ನನಗೆ ಹೊಟ್ಟೆ ಉರೀತಿದೆ ಅಂತ ಹೇಳು.”

“ಅದಕ್ಕಿಂತ ಮಾತ್ರೆ ನುಂಗೋದು ವಾಸಿ.”

ಮಾರನೇ ದಿನ ತಿಂಗಳ ಮೀಟಿಂಗ್ ಇತ್ತು. ಮಾವ ಕಥೆಯನ್ನು ಬಾಯಲ್ಲಿ ಹೇಳಿ, ಯಾವ ಪುಟ ಯಾರದೆಂದು ಹಂಚುವ ದಿನ. ಡಾಕ್ಟರ್ ಮತ್ತು ಅಂಗಡಿಯವಳು ಎಲ್ಲೆಲ್ಲಿ ಭೇಟಿಯಾಗುತ್ತಾರೆ ಎಂಬುದನ್ನು ಡಾಕ್ಟ್ರಮ್ಮ ಮತ್ತು ಕೊಲೆಗಾರ ಪಕ್ಕಪಕ್ಕ ಕೂತು ಕೇಳುವುದನ್ನು ನೋಡುವ ಶಕ್ತಿ ಅವಳಲ್ಲಿರಲಿಲ್ಲ. ಹಲ್ಲುನೋವು, ಡೆಂಟಿಸ್ಟ್ ಹತ್ತಿರ ಹೋಗುತ್ತೇನೆ ಎಂದು ಮೆಸೇಜ್ ಹಾಕಿದಳು. ಹಾಕಿ, ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು, ನೋಯದ ಹಲ್ಲಿನಿಂದ ಒಂದು ಇಡೀ ಬನ್ನು ತಿಂದಳು.

ಮಧ್ಯಾಹ್ನ ಬಂದಾಗ ಅವಳ ಟ್ರೇಯಲ್ಲಿ ಒಂದು ಹಾಳೆಯಿತ್ತು.

ಇಡೀ ಪುಟಕ್ಕೆ ಒಂದೇ ಚಿತ್ರ. ಔಷಧಿ ಶೀಶೆಗಳ ಸಾಲು, ಕೌಂಟರು, ಬಾಗಿಲ ಕಡೆ ತಿರುಗಿದ ಅಂಗಡಿಯವಳು. ಬಾಗಿಲಲ್ಲಿ ಬಂದು ನಿಂತವನ ಜಾಗ ಖಾಲಿ, ಬೆಳ್ಳಗೆ. ಆ ಖಾಲಿಯನ್ನು ಅಂಗಡಿಯವಳು ನೋಡುತ್ತಿದ್ದಳು.

ಮೂರು ವರ್ಷದಲ್ಲಿ ಅವಳ ಕಣ್ಣನ್ನು ಅವನು ಎಷ್ಟೋ ಸಲ ಬರೆದಿದ್ದ. ತಣ್ಣಗಿನ ಕಣ್ಣು, ಅಳೆದು ನೋಡುವ ಕಣ್ಣು, ಕೊಂದ ಮೇಲೆ ನಿದ್ದೆಯಿಲ್ಲದೆ ಕೆಂಪಾದ ಕಣ್ಣು. ಇದು ಅವ್ಯಾವುದೂ ಆಗಿರಲಿಲ್ಲ. ಓಡಿ ಓಡಿ ಸುಸ್ತಾದವಳಿಗೆ ಸ್ವಂತ ಮನೆಯ ಬಾಗಿಲು ಕಂಡಂತಿತ್ತು. ರೆಪ್ಪೆಯ ಒಂದೊಂದು ಗೆರೆಯನ್ನೂ ಅವನು ಒತ್ತದೆ, ಅವಸರ ಮಾಡದೆ, ಜೊತೆಯಲ್ಲೇ ನಡೆಸಿಕೊಂಡು ಹೋಗಿದ್ದ.

ಮನಸ್ಸಿನಲ್ಲಿ ಒಬ್ಬರಿಲ್ಲದೆ ಇಂಥ ಕಣ್ಣು ಬರೆಯಲು ಬರುವುದಿಲ್ಲ ಎಂದು ಅವಳಿಗೆ ಕಂಡಕೂಡಲೇ ತಿಳಿಯಿತು. ಅಷ್ಟನ್ನು ಸರಿಯಾಗಿಯೇ ಊಹಿಸಿದಳು. ಆ ಒಬ್ಬರು ಯಾರು ಎಂಬಲ್ಲಿ ಎಡವಿದಳು. ಬಂದವನು ಹಳೆಯ ಪ್ರೇಮಿಯಾದ ಡಾಕ್ಟರ್, ಇನ್ಯಾರು. ಹಾಳೆ ಡಾಕ್ಟ್ರಮ್ಮನದು. ಮತ್ತೆ ತನ್ನ ಟ್ರೇಗೆ ಯಾಕೆ ಬಂತು? ಬರದೆ ಏನು. ಬುದ್ಧಿಯೆಲ್ಲಾ ಗುಳಿಕೆನ್ನೆಯಲ್ಲಿ ಬಿದ್ದುಹೋದ ಮೇಲೆ ಯಾವ ಟ್ರೇ ಯಾರದು ಎಂದು ಕಾಣುತ್ತದೆಯೇ? ತನ್ನನ್ನು ಅಷ್ಟು ಮರೆತಿದ್ದಾನೆ ಎಂದುಕೊಂಡಳು.

ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಅವನು ಕೈತೊಳೆಯಲು ಹೋಗಿದ್ದ, ಎರಡು ನಿಮಿಷದಲ್ಲಿ ಬರುತ್ತಿದ್ದ. ಅವಳು ಕಾಯಲಿಲ್ಲ. ಹಾಳೆಯನ್ನು ಎತ್ತಿ ಡಾಕ್ಟ್ರಮ್ಮನ ಟ್ರೇಗೆ ಹಾಕಿ ಬಂದು, ಇನ್‌ಸ್ಪೆಕ್ಟರನ ಬೂಟು ಬರೆಯುತ್ತಾ ಕೂತಳು.

ಡಾಕ್ಟ್ರಮ್ಮ ಆ ಹಾಳೆ ನೋಡಿ ಕೆಂಪಾದಳು. ಆಮೇಲೆ ಎರಡು ದಿನ ತಲೆಯೆತ್ತದೆ ಬರೆದಳು. ಬಾಗಿಲಲ್ಲಿ ನಿಂತ ಡಾಕ್ಟರ್, ಮಡಚಿದ ಕೋಟು, ಒಳಗೆ ಬರಲೋ ಬೇಡವೋ ಎಂದು ಅರ್ಧ ಎತ್ತಿದ ಕಾಲು. ಚೆನ್ನಾಗಿತ್ತು. ಹೊಟ್ಟೆ ಉರಿದುಕೊಂಡು ನೋಡಿದರೂ ಚೆನ್ನಾಗಿತ್ತು.

ಕೊಲೆಗಾರ ಮುಗಿದ ಹಾಳೆಯನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನಿಂತಿದ್ದ.

“ಸರ್, ಸರಿಯಾಗಿಲ್ವಾ?” ಎಂದು ಡಾಕ್ಟ್ರಮ್ಮ ಕೇಳಿದಳು.

“ಇಲ್ಲಮ್ಮ, ಚೆನ್ನಾಗಿದೆ,” ಎಂದ. ಎಂದು, ಎದುರು ಮೇಜಿನ ಕಡೆ ಒಮ್ಮೆ ನೋಡಿದ. ಹುಬ್ಬು ಎದ್ದಿರಲಿಲ್ಲ.

ಆಮೇಲೆ ಅವನು ಸಾಹೇಬ್ರೇ ಎನ್ನಲಿಲ್ಲ. ಅವಳ ನಿಬ್ಬು ಎಷ್ಟು ಕಿರುಗುಟ್ಟಿದರೂ ಕೇಳಿಸಿಕೊಳ್ಳಲಿಲ್ಲ. ಬೆಳಕಿನ ಮೇಜಿನ ಕೆಲಸವಿದ್ದಾಗ ತನ್ನ ಹಾಳೆಯನ್ನು ಅಲ್ಲಿಟ್ಟು, “ನೀನು ಮುಗಿಸ್ಕೋ, ನಾನು ಆಮೇಲೆ ನೋಡ್ತೀನಿ,” ಎಂದು ಹೊರಗೆ ಹೋದ. ತಪ್ಪು ಮಾಡಿದವನು ಅವನು, ಮುಖ ಗಂಟುಹಾಕಿಕೊಳ್ಳುವವನೂ ಅವನೇ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಸಿಟ್ಟಿನ ಕೆಳಗೆ ಭಯವೂ ಇತ್ತು.

ಪುಟಗಳು ಪ್ರೆಸ್ಸಿಗೆ ಹೋಗುವ ಬೆಳಗ್ಗೆ ಮಾವ ಎಲ್ಲರನ್ನೂ ದೊಡ್ಡ ಮೇಜಿನ ಸುತ್ತ ಕೂರಿಸಿದರು. ಆ ಹಾಳೆಯನ್ನು ನಡುವೆ ಇಟ್ಟು ಕನ್ನಡಕ ಏರಿಸಿಕೊಂಡರು.

“ಅಂತೂ ಅಂಗಡಿಯವಳು ಡಾಕ್ಟರನ್ನೇ ಆರಿಸ್ಕೊಂಡ್ಳು. ನಾನು ಹಾಗಂದ್ಕೊಂಡಿರ್ಲಿಲ್ಲ.”

“ಆರಿಸ್ಕೊಳ್ಳೋದು ಅಂದ್ರೆ?” ಎಂದಳು ಅವಳು.

“ನೀನು ಅವತ್ತು ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ಯಲ್ಲ, ನಿನಗೆ ಗೊತ್ತಿಲ್ಲ. ಈ ಪುಟದಲ್ಲಿ ಬಾಗಿಲಿಗೆ ಯಾರು ಬರ್ತಾರೆ ಅಂತ ನಾನು ಬರೀಲಿಲ್ಲ. ಒಂದು ಕಡೆ ಅವಳನ್ನ ಪ್ರೀತಿಸಿದವನು. ಇನ್ನೊಂದು ಕಡೆ ಅವಳನ್ನ ಗಲ್ಲಿಗೇರಿಸೋನು, ಆದ್ರೆ ಅವಳು ಮಾಡಿದ್ದು ಏನು ಅಂತ ಒಳಗಿಂದ ಗೊತ್ತಿರೋನು. ಯಾರನ್ನ ಕಂಡ್ರೆ ಅವಳ ಮುಖ ಹಾಗಾಗುತ್ತೆ? ಅದನ್ನ ಅವಳನ್ನ ಬರೆಯೋನೇ ಹೇಳ್ಬೇಕು. ಹಾಳೆ ಯಾರ ಟ್ರೇಗೆ ಹಾಕ್ತಾನೋ ಅವರೇ ಅಂತ ಹೇಳಿದ್ದೆ.”

ಹಾಳೆ ತನ್ನ ಟ್ರೇಯಲ್ಲಿತ್ತು. ಅವನು ತನ್ನ ಟ್ರೇಗೇ ಹಾಕಿದ್ದ, ಬೇಕೆಂದೇ ಹಾಕಿದ್ದ. ಅವನ ಕಣ್ಣಿಗೆ ತಾನು ಅದನ್ನು ನೋಡಿ, ಅರ್ಥಮಾಡಿಕೊಂಡು, ಬೇಡ ಎಂದು ಎತ್ತಿ ಇನ್ನೊಬ್ಬಳ ಮೇಜಿಗೆ ಸಾಗಿಸಿದವಳು.

“ಡಾಕ್ಟರನ್ನ ಆರಿಸ್ಕೊಂಡ್ಳು ಅಂದ್ಮೇಲೆ ಇನ್‌ಸ್ಪೆಕ್ಟರ್‌ಗೆ ಹಿಂಜರಿಯೋ ಕಾರಣ ಇಲ್ಲ,” ಮಾವ ಮುಂದುವರಿಸಿದರು. “ಎರಡೇ ಅಧ್ಯಾಯ. ಅರೆಸ್ಟು, ಗಲ್ಲು, ಮುಗೀತು.”

“ಮುಗೀಲಿ,” ಎಂದ ಕೊಲೆಗಾರ. “ಕೆಲಸಾನೂ ಮುಗಿಯುತ್ತಲ್ಲ. ಮಕ್ಕಳ ಪುಸ್ತಕದವರು ಕರೀತಿದ್ದಾರೆ. ಬೇರೆ ಊರು. ಆನೆ, ಮೊಲ ಬರ್ಕೊಂಡು ಇರ್ತೀನಿ.”

ಕೆಳಗಿನ ಅಂಗಡಿಯಲ್ಲಿ ಇಸ್ತ್ರಿಯ ಹಬೆ ಬುಸ್ಸೆಂದಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವಳಿಗೆ ಹೊಳೆಯಿತು. ಹಾಳೆ ಮೊದಲು ತನ್ನ ಟ್ರೇಗೆ ಬಂದದ್ದು ಅವನಿಗೂ ತನಗೂ ಮಾತ್ರ ಗೊತ್ತು. ತಾನು ಯಾಕೆ ಸಾಗಿಸಿದೆ ಎಂಬುದು ತನಗೊಬ್ಬಳಿಗೇ. ಮಾನ ಉಳಿಯುತ್ತದೆ. ಅವನು ಹೋಗುತ್ತಾನೆ.

“ಅವಳು ಡಾಕ್ಟರನ್ನ ಆರಿಸ್ಕೊಂಡಿಲ್ಲ,” ಎಂದಳು. “ಹಾಳೆ ನನ್ನ ಟ್ರೇಗೆ ಬಂದಿತ್ತು. ಡಾಕ್ಟ್ರಮ್ಮನ ಟ್ರೇಗೆ ಹಾಕಿದ್ದು ನಾನು.”

“ಯಾಕೆ?” ಎಂದರು ಮಾವ.

“ಇವನು ತಪ್ಪಿ ನನಗೆ ಹಾಕಿದ್ದಾನೆ ಅಂದ್ಕೊಂಡೆ. ಆ ನೋಟ ಡಾಕ್ಟ್ರಮ್ಮನಿಗೆ ಬರೆದಿದ್ದು ಅಂದ್ಕೊಂಡೆ.” ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. “ನನಗೆ ಹೊಟ್ಟೆಕಿಚ್ಚು ಬಂದಿತ್ತು ಮಾವ. ಹಲ್ಲುನೋವೂ ಸುಳ್ಳು. ಇವರಿಬ್ರೂ ಪಕ್ಕದಲ್ಲಿ ಕೂರೋದು ನೋಡೋಕಾಗದೆ ಬಸ್ ಸ್ಟಾಪಲ್ಲಿ ಕೂತಿದ್ದೆ.”

ಡಾಕ್ಟ್ರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಕೊಲೆಗಾರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಮೆಟ್ಟಿಲಿಳಿದು ಹೋದ.

“ಅಕ್ಕಾ, ನನ್ನ ಡಾಕ್ಟರನ್ನ ಅಳಿಸಿಬಿಡೋಣ,” ಎಂದಳು ಡಾಕ್ಟ್ರಮ್ಮ. ಅವಳ ಕಣ್ಣು ತುಂಬಿತ್ತು. “ಅದು ನಿಮ್ಮ ಪುಟ.”

ಅಳಿಸಬಹುದಿತ್ತು. ಬಿಳಿ ಶಾಯಿ ಕೈಗೆಟಕುವಂತಿತ್ತು, ಮನಸ್ಸೂ ಅದನ್ನೇ ಕೇಳುತ್ತಿತ್ತು. ಆದರೆ ಬಾಗಿಲಲ್ಲಿ ಅರ್ಧ ಎತ್ತಿದ ಆ ಕಾಲನ್ನು ಈ ಹುಡುಗಿ ಎರಡು ದಿನ ತಲೆಯೆತ್ತದೆ ಬರೆದಿದ್ದಳು. ಒಂದು ಸಲ ಕೈ ಹಾಕಿ ಕೆಡಿಸಿದ್ದು ಸಾಲದೆಂದು ಇನ್ನೊಂದು ಸಲ ಹಾಕುವುದೇ?

“ಬೇಡ. ಇದು ನಿನ್ನ ಮೊದಲನೇ ಪುಟ. ಹೀಗೇ ಹೋಗಲಿ,” ಎಂದಳು.

ಮಾವ ಹಾಳೆಯನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಹೊಸ ಹೊಳಪು ಬಂದಿತ್ತು. “ಹೀಗೇ ಹೋಗಲಿ. ಆದ್ರೆ ಬೀದಿ ಆಚೆ ಇನ್‌ಸ್ಪೆಕ್ಟರ್ ನಿಂತು ಈ ನೋಟ ನೋಡಿಬಿಟ್ಟ ಅಂತ ಮಾಡು, ಮುಂದಿನ ತಿಂಗಳ ಮೊದಲನೇ ಪುಟ. ಮೂರು ವರ್ಷದಿಂದ ಹೇಳ್ತಿದ್ದೀನಿ ನಿನಗೆ, ಇವನ ಮುಖ ತುಂಬ ತೊಳೆದಿಟ್ಟಂಗಿದೆ ಅಂತ. ನಾಳೆ ಇವನು ಅವಳಿಗೆ ಬೇಡಿ ಹಾಕಿದ್ರೆ ಅದು ಕಾನೂನಿಗೋ ಹೊಟ್ಟೆಕಿಚ್ಚಿಗೋ, ಅವನಿಗೇ ಗೊತ್ತಿರ್ಬಾರ್ದು. ಎರಡೇ ಅಧ್ಯಾಯದಲ್ಲಿ ಮುಗಿಯೋ ಮಾತೇ ಇಲ್ಲ ಇನ್ನು. ಆ ಮುಖ ಬರೀತೀಯಾ?”

“ಬರೀತೀನಿ.”

“ಮೊದ್ಲು ಕೆಳಗೆ ಹೋಗು. ಪುಟ ಎಲ್ಲಿಗೂ ಹೋಗಲ್ಲ. ಅವನು ಹೋಗ್ತಾನೆ.”

ಅವನು ಡ್ರೈ ಕ್ಲೀನಿಂಗ್ ಅಂಗಡಿಯ ಗಾಜಿನ ಮುಂದೆ ನಿಂತಿದ್ದ. ಒಳಗೆ ಯಾರದೋ ಕೋಟುಗಳು ಸಾಲಾಗಿ ನೇತಾಡುತ್ತಿದ್ದವು. ಬೆಳಗಿನ ಬಿಸಿಲು ಅವನ ಒಂದು ಕೆನ್ನೆಯ ಮೇಲಿತ್ತು.

“ಮೂರು ವರ್ಷದಲ್ಲಿ ಒಂದು ಹಾಳೆನಾದ್ರೂ ತಪ್ಪು ಟ್ರೇಗೆ ಹಾಕಿದ್ದೀನಾ?” ಎಂದು ಕೇಳಿದ, ತಿರುಗದೆ.

“ಇಲ್ಲ.”

“ಮತ್ತೆ ಹೇಗೆ ಅಂದ್ಕೊಂಡೆ?”

“ಹೊಟ್ಟೆ ಉರೀತಿತ್ತು. ಲೆಕ್ಕ ತಪ್ಪಿಹೋಯ್ತು.” ಅವಳು ಹತ್ತಿರ ಬಂದಳು. “ತಪ್ಪು ನಂದೇ. ಆದ್ರೆ ನೀನೂ ದೊಡ್ಡ ಸಾಚಾ ಅಲ್ಲ. ಹಾಳೆ ಆ ಕಡೆ ಹೋಗಿದ್ದು ನೋಡಿ ಒಂದು ಮಾತು ಕೇಳ್ಬಾರ್ದಿತ್ತಾ? ನಾನು ಕೈ ಹಾಕಿ ಕೆಡಿಸ್ದೆ, ನೀನು ಬಾಯಿ ಮುಚ್ಕೊಂಡು ಕೆಡಿಸ್ದೆ.”

ಅವನ ತುಟಿಯ ಮೂಲೆ ಅಲುಗಿತು. “ಮಾವನ ಕಥೆನೇ ಆಯ್ತಲ್ಲ ನಮ್ದು.”

“ಅವರಿಬ್ಬರಲ್ಲಿ ಯಾರದ್ದು ತಪ್ಪು ಅಂತ ಇನ್ನೂ ತೀರ್ಮಾನ ಆಗಿಲ್ಲ. ನಮ್ದೂ ಬೇಡ.”

“ಹೊಟ್ಟೆಕಿಚ್ಚಿನ ವಿಷಯ ನನ್ನ ಹತ್ರ ಹೇಳ್ತಿದ್ದೀಯ ನೀನು,” ಎಂದ ಅವನು. “ಆ ಪೊಲೀಸಪ್ಪನ ಮೇಲೆ ನನಗೆ ಎಷ್ಟು ಉರಿ ಇದೆ ಗೊತ್ತಾ? ಬೆಳಗ್ಗೆ ಬಂದವಳೇ ಅವನ ಮುಖದ ಮೇಲೆ ಬಗ್ಗಿ ಕೂತ್ಕೋತೀಯ. ನಾಲಗೆ ಕಚ್ಕೊಂಡು ಹುಬ್ಬು ತಿದ್ದುತೀಯ. ಶಾಯಿ ಆರ್ಲಿ ಅಂತ ಅವನ ಕೆನ್ನೆ ಮೇಲೆ ಊದ್ತೀಯ. ಎದುರಿಗೆ ಒಬ್ಬ ಮನುಷ್ಯ ಕೂತಿದ್ದಾನೆ ಅನ್ನೋ ಜ್ಞಾನ ಇರುತ್ತಾ? ಇವನನ್ನ ಸಾಯಿಸಿಬಿಡಿ ಅಂತ ಮಾವನ ಹತ್ರ ಎಷ್ಟು ಸಲ ಬೇಡ್ಕೊಂಡಿದ್ದೀನೋ.”

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಎರಡನ್ನೂ ಒಟ್ಟಿಗೇ ಬಿಟ್ಟಳು.

“ನನಗೆ ನೀನು ಬೇಕು,” ಎಂದಳು. “ಇದನ್ನ ಯಾವ ಹಾಳೆ ಮೇಲೂ ಹಾಕಲ್ಲ, ಬಾಯಲ್ಲೇ ಹೇಳ್ತಿದ್ದೀನಿ. ಆನೆ ಮೊಲದ ಹತ್ರ ಹೋಗ್ಬೇಡ.”

ಅವನು ಆಗ ತಿರುಗಿ ನೋಡಿದ. ಅಂಗಡಿಯವಳ ಕಣ್ಣಿನಲ್ಲಿ ಬರೆದಿದ್ದ ನೋಟವೇ ಅದು, ಆದರೆ ಇದರಲ್ಲಿ ಒಂದು ಚೂರು ಕೋಪ ಉಳಿದಿತ್ತು, ಕಣ್ಣಿನ ಕೆಳಗೆ ಎರಡು ರಾತ್ರಿ ನಿದ್ದೆಗೆಟ್ಟ ಕಪ್ಪೂ ಇತ್ತು.

“ಹೋಗಲ್ಲ,” ಎಂದ.

ಅವಳ ಹಿಂದೆ ಯಾರೂ ಇರಲಿಲ್ಲ, ಪಕ್ಕದಲ್ಲೂ ಯಾರೂ ಇರಲಿಲ್ಲ. ಇದನ್ನು ಇನ್ಯಾರ ಮೇಜಿಗೂ ಸಾಗಿಸುವ ಹಾಗಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, ಅಲ್ಲೇ ನಿಂತು, ಆ ನೋಟವನ್ನು ಪೂರ್ತಿಯಾಗಿ ತೆಗೆದುಕೊಂಡಳು.